ಜ್ವರದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ? ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ಜ್ವರ ಅಂತ ಯಾರನ್ನಾದರೂ ಆಸ್ಪತ್ರೆಗೆ ಕರೆದುಕೊಂಡು ಬಂದಾಗ ನರ್ಸ್‌ಗಳು ನಾವು ಮೊದಲು ಕೇಳುವುದು ಮೂರು ಮಾತು. ಜ್ವರ ಶುರುವಾಗಿ ಇವತ್ತಿಗೆ ಎಷ್ಟನೇ ದಿನ? ಕೊನೆಯ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ? ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ? ಜೊತೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಭಾನುವಾರ ಇರಬೇಕು." "ಇಲ್ಲ ಕಣೇ, ಶನಿವಾರ ಮದುವೆಗೆ ಹೋದಾಗಲೇ ಮೈ ಬಿಸಿ ಇತ್ತು." "ಮಾತ್ರೆ ಅತ್ತೆ ಕೊಟ್ಟಿರಬೇಕು." ಇದು ಅವರ ತಪ್ಪಲ್ಲ. ಮೂರು ರಾತ್ರಿ ನಿದ್ದೆಗೆಟ್ಟವರಿಗೆ ವಾರ, ಗಂಟೆ ಯಾವುದೂ ನೆನಪಿರುವುದಿಲ್ಲ. ಆದರೆ ಮುಂದೆ ಯಾವ ರಕ್ತ ಪರೀಕ್ಷೆ ಮಾಡಿಸಬೇಕು, ಡ್ರಿಪ್ ಬೇಕೋ ಬೇಡವೋ, ಅಡ್ಮಿಟ್ ಮಾಡಬೇಕೋ ಅನ್ನುವುದೆಲ್ಲ ಈ ಮೂರು ಉತ್ತರಗಳನ್ನು ನೋಡಿಯೇ ನಿರ್ಧಾರವಾಗುತ್ತದೆ.

ವಾರ್ಡಿನಲ್ಲಿ ವರ್ಷಗಟ್ಟಲೆ ಜ್ವರದವರನ್ನು ನೋಡಿದ್ದೇನೆ, ಮನೆಯಲ್ಲಿ ಅಮ್ಮನನ್ನೂ ನೋಡಿಕೊಂಡಿದ್ದೇನೆ. ಎರಡೂ ಕಡೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಡಾಕ್ಟರಿಗೆ ಬದಲಿ ಅಲ್ಲ. ಡಾಕ್ಟರ್ ನೋಡಿ "ಮನೆಯಲ್ಲೇ ನೋಡಿಕೊಳ್ಳಿ" ಅಂದ ಮೇಲೆ, ಅಥವಾ ಡಾಕ್ಟರ್ ಹತ್ತಿರ ಹೋಗುವ ತನಕ, ಮನೆಯವರ ಕೈಯಲ್ಲಿ ಇರುವ ಕೆಲಸ ಇದು.

ಮೊದಲ ಕೆಲಸ: ಬರೆದಿಡುವುದು

ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದಿರುವ ಹಾಳೆ ಸಾಕು. ಮೇಲೆ ಜ್ವರ ಶುರುವಾದ ದಿನಾಂಕ ಬರೆಯಿರಿ. ಕೆಳಗೆ ಆರು ಗೆರೆ ಎಳೆಯಿರಿ: ಗಂಟೆ, ಜ್ವರ, ನಾಡಿ, ಕೊಟ್ಟ ಔಷಧ, ಕುಡಿದದ್ದು, ಮೂತ್ರ. ಅದಕ್ಕೊಂದು ಪೆನ್ನು ಕಟ್ಟಿ ಮಂಚದ ಪಕ್ಕದಲ್ಲೇ ಇಡಿ, ಯಾಕೆಂದರೆ ಪೆನ್ನು ಹುಡುಕಬೇಕಾಗಿ ಬಂದರೆ ರಾತ್ರಿ ಎರಡು ಗಂಟೆಗೆ ಯಾರೂ ಬರೆಯುವುದಿಲ್ಲ.

ಅಮ್ಮನ ಹಾಳೆ ಹೀಗಿತ್ತು. "ಬೆಳಿಗ್ಗೆ 6, 101.2, ನಾಡಿ 104, ಪ್ಯಾರಾಸಿಟಮಾಲ್ 500, ಗಂಜಿ ಅರ್ಧ ಲೋಟ, ಮೂತ್ರ ಒಂದು ಸಲ, ಹಳದಿ ಜಾಸ್ತಿ." ಅಷ್ಟೇ. ಆ "ಹಳದಿ ಜಾಸ್ತಿ" ಅನ್ನುವ ಎರಡು ಪದ ನೋಡಿಯೇ ಮಧ್ಯಾಹ್ನ ಬಂದ ತಮ್ಮನಿಗೆ ನೀರು ಸಾಲುತ್ತಿಲ್ಲ ಅಂತ ಗೊತ್ತಾಗಿ, ಅವನು ಅರ್ಧ ಗಂಟೆಗೊಮ್ಮೆ ಲೋಟ ಹಿಡಿದುಕೊಂಡು ಕೂತ. ಮನೆಯಲ್ಲಿ ಸರದಿ ಮೇಲೆ ನೋಡಿಕೊಳ್ಳುವವರು ಇಬ್ಬರು ಮೂವರಿದ್ದರೆ ಈ ಹಾಳೆ ಬಹಳ ಕೆಲಸಕ್ಕೆ ಬರುತ್ತದೆ. ಒಬ್ಬರು ಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ಗೊತ್ತಿಲ್ಲದೆ ಮತ್ತೆ ಕೊಡುವುದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ನಡೆಯುತ್ತದೆ.

ಜ್ವರ ಅಳೆಯುವುದು

ಹಣೆ ಮುಟ್ಟಿ ನೋಡಿದರೆ ಬಿಸಿ ಇದೆ ಅನ್ನುವುದು ಗೊತ್ತಾಗುತ್ತದೆ, ಎಷ್ಟು ಅನ್ನುವುದು ಗೊತ್ತಾಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಮನೆಯಲ್ಲಿ ಹಳೇ ಪಾದರಸದ್ದು ಇದ್ದರೆ ಅದೂ ನಡೆಯುತ್ತದೆ. ಆದರೆ ಪ್ರತಿ ಸಲ 96ಕ್ಕಿಂತ ಕೆಳಗೆ ಇಳಿಯುವ ತನಕ ಕೊಡವಬೇಕು, ಮಕ್ಕಳ ಬಾಯಿಗೆ ಮಾತ್ರ ಅದನ್ನು ಇಡಬೇಡಿ.

ಬಾಯಲ್ಲಿ ಇಡುವುದಾದರೆ ನಾಲಿಗೆಯ ಅಡಿ, ಪಕ್ಕಕ್ಕೆ. ಕಾಫಿ, ಬಿಸಿನೀರು ಕುಡಿದು ಇಪ್ಪತ್ತು ನಿಮಿಷ ಬಿಟ್ಟು ಅಳೆಯಿರಿ. ಮಕ್ಕಳಿಗೆ, ತುಂಬಾ ವಯಸ್ಸಾದವರಿಗೆ, ಪ್ರಜ್ಞೆ ಸರಿ ಇಲ್ಲದವರಿಗೆ ಕಂಕುಳಲ್ಲೇ ಇಡಬೇಕು. ಇಲ್ಲಿ ಒಂದು ಸಣ್ಣ ವಿಷಯ ತಪ್ಪಿಹೋಗುತ್ತದೆ. ಕಂಕುಳು ಬೆವರಿನಿಂದ ಒದ್ದೆಯಾಗಿರುತ್ತದೆ, ಹಾಗೇ ಇಟ್ಟರೆ ಲೆಕ್ಕ ಕಡಿಮೆ ತೋರಿಸುತ್ತದೆ. ಒಣಬಟ್ಟೆಯಲ್ಲಿ ಒತ್ತಿ ಒರೆಸಿ (ಉಜ್ಜಬೇಡಿ, ಉಜ್ಜಿದರೆ ಬಿಸಿಯಾಗುತ್ತದೆ), ತುದಿ ಚರ್ಮಕ್ಕೇ ತಾಗುವ ಹಾಗೆ ಕಂಕುಳಿನ ನಡುವೆ ಇಟ್ಟು, ಕೈಯನ್ನು ಎದೆಗೆ ಒತ್ತಿ ಹಿಡಿದುಕೊಳ್ಳಿ. ಬೀಪ್ ಆಗುವ ತನಕ ಬಿಡಬೇಡಿ.

ಬಾಯಲ್ಲಿ 100.4 ಡಿಗ್ರಿ, ಅಂದರೆ ಸೆಲ್ಸಿಯಸ್‌ನಲ್ಲಿ 38, ಅಥವಾ ಅದಕ್ಕಿಂತ ಮೇಲಿದ್ದರೆ ಜ್ವರ ಅಂತ ಲೆಕ್ಕ. ಕಂಕುಳಲ್ಲಿ ಅರ್ಧದಿಂದ ಒಂದು ಡಿಗ್ರಿ ಕಡಿಮೆ ಬರುತ್ತದೆ, ಆದ್ದರಿಂದ ಅಲ್ಲಿ 99.5 ಇದ್ದರೂ ಜ್ವರವೇ. ಬರೆಯುವಾಗ ಎಲ್ಲಿ ಇಟ್ಟು ಅಳೆದಿರಿ ಅಂತಲೂ ಬರೆಯಿರಿ, ಪ್ರತಿ ಸಲ ಅಲ್ಲೇ ಅಳೆಯಿರಿ. ಆರೋಗ್ಯವಾಗಿರುವವರಿಗೂ ಬೆಳಗಿನ ಜಾವಕ್ಕಿಂತ ಸಂಜೆ ಮೈ ಬಿಸಿ ಸ್ವಲ್ಪ ಜಾಸ್ತಿ ಇರುತ್ತದೆ, ಹಾಗಾಗಿ ಬೆಳಿಗ್ಗೆ ಕಡಿಮೆ ಇದ್ದು ಸಂಜೆ ಏರಿದರೆ ಅದೊಂದನ್ನೇ ನೋಡಿ ಗಾಬರಿ ಪಡಬೇಡಿ. ಹಗಲಲ್ಲಿ ನಾಲ್ಕು ಗಂಟೆಗೊಮ್ಮೆ ನೋಡಿದರೆ ಸಾಕು. ಸುಮ್ನೆ ಹತ್ತು ಹತ್ತು ನಿಮಿಷಕ್ಕೆ ಅಳೆಯುತ್ತಾ ಕೂತರೆ ಮಲಗಿದವರಿಗೂ ನಿದ್ದೆ ಇಲ್ಲ, ನಿಮಗೂ ನೆಮ್ಮದಿ ಇಲ್ಲ.

ನಾಡಿಯನ್ನು ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಜ್ವರ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನಾಡಿ ಸುಮಾರು ಹತ್ತು ಏರುತ್ತದೆ ಅಂತ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಜ್ವರ ಇಳಿದರೂ ನಾಡಿ ಓಡುತ್ತಲೇ ಇದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಚಳಿ, ಕಾವು, ಬೆವರು

ಜ್ವರದವರ ಆರೈಕೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದು. ಮಿದುಳಿನಲ್ಲಿ ಹೈಪೋಥಲಾಮಸ್ ಅನ್ನುವ ಸಣ್ಣ ಭಾಗ ಮೈ ಎಷ್ಟು ಬಿಸಿ ಇರಬೇಕು ಅಂತ ನಿಗದಿ ಮಾಡುತ್ತದೆ. ಸೋಂಕು ತಗುಲಿದಾಗ ಅದು ಆ ಮಟ್ಟವನ್ನು ಮೇಲಕ್ಕೆ ಏರಿಸುತ್ತದೆ. ಮಟ್ಟ 103ಕ್ಕೆ ಏರಿದೆ, ಮೈ ಇನ್ನೂ 99ರಲ್ಲೇ ಇದೆ ಅಂದುಕೊಳ್ಳಿ. ಆಗ ಮೈಗೆ ಚಳಿ ಅನ್ನಿಸುತ್ತದೆ, ಮಾಂಸಖಂಡಗಳು ಗಡಗಡ ನಡುಗಿ ಬಿಸಿ ಹುಟ್ಟಿಸುತ್ತವೆ, ಕೈಕಾಲು ತಣ್ಣಗಾಗುತ್ತದೆ. ಆಮೇಲೆ ಮೈ 103ಕ್ಕೆ ಮುಟ್ಟಿದಾಗ ನಡುಕ ನಿಂತು ಕಾವು. ಮಟ್ಟ ಮತ್ತೆ ಕೆಳಗಿಳಿದಾಗ ಬೆವರು. ಈ ಮೂರು ಹೊತ್ತಿಗೂ ಆರೈಕೆ ಬೇರೆ ಬೇರೆ.

ಚಳಿ ಬಂದಾಗ ಹೊದಿಸಿ. ಒಂದು ರಗ್ಗು, ಕಾಲಿಗೆ ಸಾಕ್ಸ್, ಕುಡಿಯಲು ಉಗುರು ಬೆಚ್ಚಗಿನ ನೀರು. ಈ ಹೊತ್ತಿನಲ್ಲಿ ತಣ್ಣೀರು ಪಟ್ಟಿ ಹಾಕಲೇಬಾರದು. ನಡುಗುತ್ತಿರುವವರ ಮೇಲೆ ತಣ್ಣೀರು ಇಟ್ಟರೆ ನಡುಕ ಜಾಸ್ತಿಯಾಗಿ ಬಿಸಿ ಇನ್ನೂ ಏರುತ್ತದೆ, ಅವರಿಗೆ ಅದು ಹಿಂಸೆ ಕೂಡ.

ನಡುಕ ನಿಂತ ಕೂಡಲೇ ಹೊದಿಕೆ ತೆಗೆಯಬೇಕು. ಇದನ್ನೇ ಮರೆಯುವುದು. ಒಂದು ರಾತ್ರಿ ವಾರ್ಡಿಗೆ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದಿದ್ದರು. ಉಲ್ಲನ್ ಟೊಪ್ಪಿ, ಸ್ವೆಟರ್, ಅದರ ಮೇಲೆ ಟವೆಲ್, ಅದರ ಮೇಲೆ ಅಜ್ಜಿಯ ಶಾಲು. ಒಂದೊಂದೇ ಬಿಚ್ಚುತ್ತಾ ಹೋದರೆ ಒಳಗೆ ಮಗು ಕೆಂಪಗೆ ಬೆಂದ ಹಾಗಿತ್ತು. ಒಂದು ತೆಳು ಹತ್ತಿ ಅಂಗಿ ಮಾತ್ರ ಬಿಟ್ಟು ಉಳಿದದ್ದೆಲ್ಲ ತೆಗೆದು, ಫ್ಯಾನ್ ಸಣ್ಣಗೆ ಹಾಕಿ, ಚಮಚದಲ್ಲಿ ನೀರು ಕೊಟ್ಟೆವು. ಔಷಧ ಕೊಡುವ ಮೊದಲೇ ಮಗು ಕಣ್ಣು ಬಿಟ್ಟು ಅಮ್ಮನನ್ನು ಹುಡುಕಿತು. ಗಾಳಿ ತಾಗಿದರೆ ಜ್ವರ ಜಾಸ್ತಿಯಾಗುತ್ತದೆ ಅನ್ನುವ ಭಯ ನಮ್ಮ ಮನೆಗಳಲ್ಲಿ ಬಹಳ. ಕಿಟಕಿ ತೆರೆದಿಡಿ, ಫ್ಯಾನ್ ಹಾಕಿ, ನೇರ ಮುಖಕ್ಕೆ ಬಡಿಯದ ಹಾಗೆ ನೋಡಿಕೊಂಡರಾಯಿತು.

ಒದ್ದೆಬಟ್ಟೆಯಲ್ಲಿ ಮೈ ಒರೆಸುವುದು ಕಾವಿನ ಹೊತ್ತಿಗೆ. ಪ್ಯಾರಾಸಿಟಮಾಲ್ ಕೊಟ್ಟು ಅರ್ಧ ಗಂಟೆ ಕಳೆದ ಮೇಲೆ, ಉಗುರು ಬೆಚ್ಚಗಿನ ನೀರಿನಲ್ಲಿ. ಬರೀ ಒರೆಸಿದರೆ ಬಿಸಿ ಸ್ವಲ್ಪ ಹೊತ್ತು ಇಳಿದು ಮತ್ತೆ ಏರುತ್ತದೆ, ಯಾಕೆಂದರೆ ಮಿದುಳಿನ ಮಟ್ಟ ಮೇಲೇ ಇರುತ್ತದೆ. ಇದು ಕಡ್ಡಾಯವೂ ಅಲ್ಲ. ಒರೆಸಿದಾಗ ಹಿತ ಅನ್ನಿಸಿದರೆ ಮಾಡಿ, ಮಗು ಅತ್ತು ರಂಪ ಮಾಡಿದರೆ, ನಡುಗಿದರೆ ಬಿಟ್ಟುಬಿಡಿ. ಐಸ್ ನೀರು ಬೇಡ. ಸ್ಪಿರಿಟ್ ಅಂತೂ ಬೇಡವೇ ಬೇಡ, ಅದು ಚರ್ಮದಿಂದ, ಉಸಿರಿನಿಂದ ಒಳಗೆ ಹೋಗಿ ಮಕ್ಕಳಿಗೆ ವಿಷವಾಗುತ್ತದೆ.

ಬೆವರು ಬಂದಾಗ ಒಣಬಟ್ಟೆಯಿಂದ ಒರೆಸಿ, ಬಟ್ಟೆ ಬದಲಿಸಿ, ಒದ್ದೆಯಾದ ಹಾಸು ತೆಗೆದು ಬೇರೆ ಹಾಸಿ. ಕುಡಿಸಿ. ಬೆವರಿದ ಮೇಲೆ ಹಲವರು ಒಮ್ಮೆಲೇ ಎದ್ದು ಬಚ್ಚಲಿಗೆ ಹೋಗಿ ತಲೆ ತಿರುಗಿ ಬೀಳುತ್ತಾರೆ, ಆದ್ದರಿಂದ ಆ ಹೊತ್ತಿನಲ್ಲಿ ಒಬ್ಬರು ಹತ್ತಿರವೇ ಇರಿ.

ಮಾತ್ರೆ ಮತ್ತು ಸಿರಪ್

ಜ್ವರ 100 ದಾಟಿತು ಅಂತ ಮಾತ್ರೆ ನುಂಗಿಸಲೇಬೇಕಾಗಿಲ್ಲ. ಮೈಕೈ ನೋವು, ತಲೆನೋವು, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅನ್ನುವಾಗ ಕೊಡಿ. ದೊಡ್ಡವರಿಗೆ ಪ್ಯಾರಾಸಿಟಮಾಲ್ 500 ಅಥವಾ 650. ಎರಡು ಮಾತ್ರೆಗಳ ನಡುವೆ ಕಡೇ ಪಕ್ಷ ನಾಲ್ಕು ಗಂಟೆ ಬಿಡಬೇಕು, ಆರು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಯಲ್ಲಿ ಒಟ್ಟು 4 ಗ್ರಾಂ, ಅಂದರೆ 4000 ಮಿಲಿಗ್ರಾಂ ದಾಟಬಾರದು. ಸಣಕಲು ಮೈಯವರು, ವಯಸ್ಸಾದವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಇದಕ್ಕಿಂತ ತುಂಬಾ ಕಡಿಮೆಯಲ್ಲೇ ನಿಲ್ಲಿಸಬೇಕು, ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿ. ಶೀತದ ಮಾತ್ರೆಗಳಲ್ಲಿ, ಮೈಕೈ ನೋವಿನ ಜೋಡಿ ಮಾತ್ರೆಗಳಲ್ಲಿ ಕೂಡ ಪ್ಯಾರಾಸಿಟಮಾಲ್ ಸೇರಿರುತ್ತದೆ. ಜ್ವರಕ್ಕೆ ಒಂದು, ಶೀತಕ್ಕೆ ಒಂದು, ಮೈಕೈ ನೋವಿಗೆ ಒಂದು ಅಂತ ಮೂರು ನುಂಗಿದವರು ನಿಜವಾಗಿ ನುಂಗಿದ್ದು ಒಂದೇ ಔಷಧವನ್ನು ಮೂರು ಸಲ. ಸ್ಟ್ರಿಪ್ಪಿನ ಹಿಂದೆ ಓದಿ.

ಮಕ್ಕಳಿಗೆ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ ಒಂದು ಸಲಕ್ಕೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. 12 ಕಿಲೋ ಮಗುವಿಗೆ 120ರಿಂದ 180 ಮಿಲಿಗ್ರಾಂ ಆಯಿತು. ಈಗ ಬಾಟಲಿ ನೋಡಿ, ತಪ್ಪು ಆಗುವುದು ಇಲ್ಲೇ. ಒಂದು ಸಿರಪ್ಪಿನಲ್ಲಿ 5 ಮಿಲಿಗೆ 120 ಅಥವಾ 125 ಇರುತ್ತದೆ, ಇನ್ನೊಂದರಲ್ಲಿ 5 ಮಿಲಿಗೆ 250. ಹಸುಗೂಸಿನ ಡ್ರಾಪ್ಸ್‌ನಲ್ಲಿ 1 ಮಿಲಿಗೇ 100. ಸಿರಪ್ ಖಾಲಿಯಾಯಿತು ಅಂತ ಡ್ರಾಪ್ಸ್ ಬಾಟಲಿಯಿಂದ ಅದೇ 5 ಮಿಲಿ ಹಾಕಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ, ದೊಡ್ಡವರ ಒಂದು ಪೂರ್ತಿ ಮಾತ್ರೆ. ಅಳೆಯಲು ಬಾಟಲಿ ಜೊತೆ ಕೊಟ್ಟ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ. ಅಡುಗೆಮನೆ ಚಮಚಗಳೆಲ್ಲ ಒಂದೇ ಅಳತೆಯವಲ್ಲ. ಕೊಟ್ಟು ಹತ್ತು ನಿಮಿಷದೊಳಗೆ ಮಗು ಪೂರ್ತಿ ವಾಂತಿ ಮಾಡಿದರೆ ಮತ್ತೆ ಎಷ್ಟು ಕೊಡಬೇಕು ಅಂತ ಫೋನ್ ಮಾಡಿ ಕೇಳಿಯೇ ಕೊಡಿ.

ಕಾರಣ ಗೊತ್ತಾಗದ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಮಿಕ್ ಆಸಿಡ್ ಯಾವುದನ್ನೂ ನೀವಾಗಿ ಕೊಡಬೇಡಿ. ಡೆಂಗ್ಯೂ ಆಗಿದ್ದರೆ ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮಕ್ಕಳಿಗೆ ಆಸ್ಪಿರಿನ್ ಯಾವ ವೈರಲ್ ಜ್ವರದಲ್ಲೂ ಬೇಡ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು 2011ರಲ್ಲೇ ಸರ್ಕಾರ ನಿಲ್ಲಿಸಿದೆ, ಹಳೇ ಬಾಟಲಿ, ಹಳೇ ಚೀಟಿ ಮನೆಯಲ್ಲಿದ್ದರೆ ಬಿಸಾಡಿ. ಕಳೆದ ಸಲ ಉಳಿದ ಆಂಟಿಬಯಾಟಿಕ್ ಕೂಡ ಹಾಗೇ. ವೈರಲ್ ಜ್ವರಕ್ಕೆ ಅದು ಏನೂ ಮಾಡುವುದಿಲ್ಲ, ಟೈಫಾಯ್ಡ್ ಆಗಿದ್ದರೆ ರಕ್ತದ ಕಲ್ಚರ್ (ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ) ತೆಗೆಯುವ ಮೊದಲೇ ಎರಡು ಮಾತ್ರೆ ನುಂಗಿದ್ದರಿಂದ ಕ್ರಿಮಿ ಸಿಗದೆ ಹೋಗಬಹುದು.

ಇನ್ನೊಂದು ಮಾತು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಬಿಸಿಲಲ್ಲಿ ಹೊಲದಲ್ಲಿ ದುಡಿದು ಬಂದವರ ಮೈ ಕಾದು, ಮಾತು ತಡವರಿಸುತ್ತಿದ್ದರೆ ಅದು ಜ್ವರ ಅಲ್ಲ, ಹೀಟ್ ಸ್ಟ್ರೋಕ್. ಅಲ್ಲಿ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಕೂಡಲೇ ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಿ.

ಕುಡಿಸುವುದು, ಉಣ್ಣಿಸುವುದು

ಜ್ವರದಲ್ಲಿ ಬೆವರು, ಜೋರು ಉಸಿರು ಎರಡರಿಂದಲೂ ಮೈಯ ನೀರು ಹೋಗುತ್ತಿರುತ್ತದೆ. ಹೃದಯ, ಕಿಡ್ನಿ ತೊಂದರೆ ಇಲ್ಲದ ದೊಡ್ಡವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ದ್ರವ ಒಳಗೆ ಹೋಗಬೇಕು. ಒಂದೇ ಸಲ ದೊಡ್ಡ ಲೋಟ ಕೊಟ್ಟರೆ ವಾಂತಿ. ಹತ್ತು ಹದಿನೈದು ನಿಮಿಷಕ್ಕೆ ನಾಲ್ಕೈದು ಗುಟುಕು ಕೊಡಿ. ಗಂಜಿ ನೀರಿಗೆ ಉಪ್ಪು, ತಿಳಿ ಮಜ್ಜಿಗೆ, ತಿಳಿಸಾರು, ಎಳನೀರು, ಜೀರಿಗೆ ಕುದಿಸಿದ ನೀರು, ಏನು ಸೇರುತ್ತದೋ ಅದು. ಕಿಡ್ನಿ ಕಾಯಿಲೆಯವರಿಗೆ ಮಾತ್ರ ಎಳನೀರು ಕೇಳದೆ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ವಾಂತಿ ಭೇದಿ ಇದ್ದರೆ ಒಆರ್‌ಎಸ್. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇರುವ ಪುಡಿಯನ್ನೇ ಕೇಳಿ ತೆಗೆದುಕೊಳ್ಳಿ. ಒಂದು ಲೀಟರಿನ ಪ್ಯಾಕೆಟ್ಟಾದರೆ ಪೂರ್ತಿ ಒಂದು ಲೀಟರ್ ನೀರಿಗೆ ಒಮ್ಮೆಗೇ ಕಲಸಬೇಕು. ಲೋಟಕ್ಕೆ ಒಂದೊಂದು ಚಮಚ ಹಾಕಿಕೊಂಡರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ಕಲಸಿದ್ದು 24 ಗಂಟೆ ಮಾತ್ರ. ಟೆಟ್ರಾ ಪ್ಯಾಕಿನಲ್ಲಿ ಬರುವ ಬಣ್ಣದ ಸಿಹಿ ಪಾನೀಯ ಇದಕ್ಕೆ ಸಮ ಅಲ್ಲ. ರಾತ್ರಿ ಅಂಗಡಿ ಮುಚ್ಚಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಮಟ್ಟಸ ಚಮಚ ಉಪ್ಪು.

ಮೈಗೆ ನೀರು ಸಾಕಾಗಿದೆಯಾ ಅಂತ ಮೂತ್ರ ಹೇಳುತ್ತದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಹೋಗಬೇಕು, ತಿಳಿ ಹಳದಿ ಇರಬೇಕು.

"ಜ್ವರದಲ್ಲಿ ಲಂಘನ" ಅಂತ ಪೂರ್ತಿ ಉಪವಾಸ ಹಾಕಬೇಡಿ. ಜ್ವರದಲ್ಲಿ ಮೈ ಮಾಮೂಲಿಗಿಂತ ಜಾಸ್ತಿ ಶಕ್ತಿ ಉರಿಸುತ್ತಿರುತ್ತದೆ. ಹಸಿವಿಲ್ಲದಿದ್ದರೆ ಒತ್ತಾಯ ಬೇಡ, ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ರವೆ ಗಂಜಿ, ರಾಗಿ ಅಂಬಲಿ, ಇಡ್ಲಿ, ಮೆತ್ತಗಿನ ಅನ್ನಕ್ಕೆ ತೊವ್ವೆ, ಬಾಳೆಹಣ್ಣು. ಹಾಲು ಕುಡಿಯಬಹುದು, ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಕೊಡಬಹುದು. ಎದೆಹಾಲು ಕುಡಿಯುವ ಮಗುವಿಗೆ ಹಾಲು ನಿಲ್ಲಿಸಲೇಬಾರದು, ಇನ್ನೂ ಹೆಚ್ಚು ಸಲ ಕುಡಿಸಿ. ಶುಗರ್ ಇರುವವರು ಊಟ ಕಡಿಮೆಯಾಯಿತು ಅಂತ ಇನ್ಸುಲಿನ್ ತಾವಾಗಿ ಬಿಡಬಾರದು, ಜ್ವರದಲ್ಲಿ ಶುಗರ್ ಏರುತ್ತದೆ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

"ಒಂದು ಗ್ಲೂಕೋಸ್ ಬಾಟ್ಲಿ ಹಾಕ್ಸಿದ್ರೆ ಶಕ್ತಿ ಬರುತ್ತೆ" ಅನ್ನುವವರು ತುಂಬಾ. 5 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನ 500 ಮಿಲಿ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಬಾಯಲ್ಲಿ ಕುಡಿಯಲು ಆಗುವವರಿಗೆ ಒಂದು ಬಟ್ಟಲು ಗಂಜಿ ಅದಕ್ಕಿಂತ ಎಷ್ಟೋ ಮೇಲು. ಡ್ರಿಪ್ ಬೇಕಾಗುವುದು ಕುಡಿಯಲು ಆಗದವರಿಗೆ, ಬಿಪಿ ಇಳಿದವರಿಗೆ. ಅದನ್ನು ಡಾಕ್ಟರ್ ಹೇಳಲಿ.

ಬಾಯಿ, ಮೈ, ಹಾಸಿಗೆ

ಜ್ವರದವರ ಬಾಯಿ ಒಣಗಿ ನಾಲಿಗೆ ಮೇಲೆ ಬಿಳಿ ಪದರ ಕಟ್ಟುತ್ತದೆ, ಅದರಿಂದಲೇ ಅರ್ಧ ಊಟ ಸೇರುವುದಿಲ್ಲ. ಪ್ರತಿ ಸಲ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಲಿ. ಎದ್ದು ಕೂರಲು ಆಗದವರಿಗೆ ತೋರುಬೆರಳಿಗೆ ತೆಳು ಬಟ್ಟೆ ಸುತ್ತಿ, ಉಪ್ಪುನೀರಲ್ಲಿ ಅದ್ದಿ ಹಿಂಡಿ, ವಸಡು, ನಾಲಿಗೆ ಮೆಲ್ಲಗೆ ಒರೆಸಿ. ತುಟಿಗೆ ತುಪ್ಪ ಅಥವಾ ಕೊಬ್ಬರಿ ಎಣ್ಣೆ ಸವರಿ.

ಸ್ನಾನ ಮಾಡಬಾರದು ಅಂತ ಏನಿಲ್ಲ. ಎದ್ದು ನಿಲ್ಲಲು ಶಕ್ತಿ ಇದ್ದರೆ ಬಿಸಿನೀರಲ್ಲಿ ಬೇಗ ಮುಗಿಸಬಹುದು, ಬಾಗಿಲಿಗೆ ಚಿಲಕ ಹಾಕದೆ. ಆಗದಿದ್ದರೆ ಮೈ ಒರೆಸಿ: ಮುಖ, ಕೈ, ಎದೆ, ಬೆನ್ನು, ಕಾಲು, ಕೊನೆಗೆ ತೊಡೆಸಂದು. ಒಂದೊಂದೇ ಭಾಗ ತೆರೆದು ಒರೆಸಿ ಒಣಗಿಸಿ ಮುಚ್ಚುತ್ತಾ ಹೋಗಿ. ಬೆನ್ನು ಒರೆಸುವಾಗ ಕೆಂಪು ಚುಕ್ಕೆ, ದದ್ದು, ಕಪ್ಪು ಗಾಯ ಇದೆಯಾ ನೋಡಿ.

ವಯಸ್ಸಾದವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವರಿಗೆ ಸೋಂಕು ಜೋರಾಗಿದ್ದರೂ ಜ್ವರ 100 ದಾಟದೇ ಇರಬಹುದು. ನಿನ್ನೆ ತನಕ ಚೆನ್ನಾಗಿ ಮಾತಾಡುತ್ತಿದ್ದ ಅಜ್ಜ ಇವತ್ತು ಹೊತ್ತು ಗೊತ್ತು ತಪ್ಪಿ ಮಾತಾಡಿದರೆ, ಸುಮ್ಮನೆ ನಿದ್ದೆ ಹೋಗುತ್ತಲೇ ಇದ್ದರೆ, "ವಯಸ್ಸಾಯಿತಲ್ವಾ" ಅಂತ ಬಿಡಬೇಡಿ, ಅವತ್ತೇ ತೋರಿಸಿ. ಮಗ್ಗುಲು ಬದಲಿಸಲು ಆಗದವರನ್ನು ಎರಡು ಗಂಟೆಗೊಮ್ಮೆ ನೀವೇ ತಿರುಗಿಸಿ, ಇಲ್ಲದಿದ್ದರೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮಲಗಿದಲ್ಲೇ ನೀರು ಹಾಕಬೇಡಿ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಒಂದು ಗುಟುಕು ನುಂಗಿದ್ದು ನೋಡಿಯೇ ಇನ್ನೊಂದು. ರಾತ್ರಿ ಮಂಚದ ಹತ್ತಿರ ಸಣ್ಣ ದೀಪ ಇರಲಿ.

ನೋಡಿಕೊಳ್ಳುವವರು ಪ್ರತಿ ಸಲ ಸೋಪಿನಲ್ಲಿ ಕೈ ತೊಳೆಯಿರಿ, ಕೆಮ್ಮು ಇದ್ದರೆ ಇಬ್ಬರೂ ಮಾಸ್ಕ್ ಹಾಕಿ. ಡೆಂಗ್ಯೂ, ಮಲೇರಿಯಾ ಇರಬಹುದು ಅನ್ನಿಸಿದರೆ ರೋಗಿಗೆ ಹಗಲಲ್ಲೂ ಸೊಳ್ಳೆಪರದೆ ಕಟ್ಟಿ. ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅವರನ್ನು ಕಚ್ಚಿದ್ದೇ ಮನೆಯ ಉಳಿದವರಿಗೂ ತರುತ್ತದೆ.

ಜ್ವರ ಬಿಟ್ಟ ದಿನ

ಮಳೆಗಾಲ ಬಂದರೆ ನನಗೆ ಜ್ವರ ಏರಿದ ದಿನಕ್ಕಿಂತ ಇಳಿದ ದಿನದ ಭಯವೇ ಜಾಸ್ತಿ. ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಬರುವುದು ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವಾಗ. ಆಗ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ, ಬಿಪಿ ಬೀಳುತ್ತದೆ. ಮನೆಯವರಿಗೆ ಕಾಣುವುದು ಏನು? ಥರ್ಮಾಮೀಟರ್ 98 ತೋರಿಸುತ್ತಿದೆ. ಒಬ್ಬ ಹೆಂಗಸನ್ನು ಅವರ ಮನೆಯವರು "ಸಿಸ್ಟರ್, ನಿನ್ನೆ ರಾತ್ರಿಯೇ ಜ್ವರ ಬಿಟ್ಟಿದೆ, ಸುಸ್ತು ಮಾತ್ರ" ಅಂತ ಕರೆದುಕೊಂಡು ಬಂದಿದ್ದರು. ಕೈ ಮುಟ್ಟಿದರೆ ಐಸಿನ ಹಾಗೆ ತಣ್ಣಗೆ, ಬೆವರು, ನಾಡಿ ದಾರದಷ್ಟು ಸಣ್ಣ. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿರಲಿಲ್ಲ. ಸಮಯಕ್ಕೆ ಬಂದರು, ಉಳಿದುಕೊಂಡರು.

ಆದ್ದರಿಂದ ಜ್ವರ ಬಿಟ್ಟ ಮೇಲೆ ಎರಡು ದಿನ ನೋಟ್‌ಬುಕ್ ಮುಚ್ಚಬೇಡಿ. ಈ ಲಕ್ಷಣಗಳಲ್ಲಿ ಒಂದು ಕಂಡರೂ ಹೊರಡಿ: ಬಿಡದ ಹೊಟ್ಟೆನೋವು, ದಿನದಲ್ಲಿ ಮೂರ್ನಾಲ್ಕು ಸಲ ವಾಂತಿ, ವಸಡು ಮೂಗಿನಿಂದ ರಕ್ತ, ಕಪ್ಪು ಮಲ, ಮುಟ್ಟಿನಲ್ಲಿ ಮಾಮೂಲಿಗಿಂತ ಜಾಸ್ತಿ ರಕ್ತ, ಎದ್ದರೆ ಕಣ್ಣು ಕತ್ತಲೆ, ಕೈಕಾಲು ತಣ್ಣಗೆ, ಒಂದೇ ಸಮನೆ ಚಡಪಡಿಕೆ ಅಥವಾ ಮಂಪರು.

ಪ್ಲೇಟ್‌ಲೆಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಎಷ್ಟು ಅಂತ ಕೇಳುವವರು ಕಡಿಮೆ. ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ನೀರು ಸೋರುತ್ತಿದೆ ಅಂತ ಅರ್ಥ, ಅದನ್ನು ಡಾಕ್ಟರ್ ಹತ್ತಿರ ಕೇಳಿ. ಪಪ್ಪಾಯ ಎಲೆ ರಸ ಕುಡಿಸಿ ಮನೆಯಲ್ಲೇ ಕಾಯುವುದು ಬೇಡ. ಅದು ಕಹಿಗೆ ವಾಂತಿ ಮಾಡಿಸಿದರೆ ಒಳಗಿದ್ದ ನೀರೂ ಹೋಯಿತು. ಕರ್ನಾಟಕದಲ್ಲಿ 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಬೇಕಾಗಿ ಬಂತು, ಅಂದರೆ ಇದು ಎಲ್ಲೋ ದೂರದ ಮಾತಲ್ಲ.

ಮಗುವಿಗೆ ಜ್ವರದಲ್ಲಿ ಫಿಟ್ಸ್ ಬಂದರೆ

ಆರು ತಿಂಗಳಿಂದ ಐದು ವರ್ಷದ ಕೆಲವು ಮಕ್ಕಳಿಗೆ ಬರುತ್ತದೆ. ನೋಡಲು ಭಯಂಕರ, ಆದರೆ ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿ ನಿಲ್ಲುತ್ತವೆ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಜೊಲ್ಲು ವಾಂತಿ ಹೊರಗೆ ಹರಿಯಲಿ. ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದರಲ್ಲಿ ಹೊತ್ತು ಹೋಗುತ್ತದೆ ಅಷ್ಟೇ. ಐದು ನಿಮಿಷ ದಾಟಿದರೆ 108. ತಾನಾಗಿ ನಿಂತರೂ ಮೊದಲ ಸಲ ಆಗಿದ್ದರೆ ಅವತ್ತೇ ತೋರಿಸಬೇಕು, ಮಿದುಳು ಜ್ವರ ಅಲ್ಲ ಅಂತ ಖಾತ್ರಿ ಆಗಬೇಕಲ್ವಾ.

ಕಾಯದೆ ಹೊರಡಬೇಕಾದದ್ದು

- ಮೂರು ತಿಂಗಳೊಳಗಿನ ಮಗುವಿಗೆ 100.4 ಅಥವಾ ಜಾಸ್ತಿ. ಬೇರೆ ಏನೂ ಲಕ್ಷಣ ಇಲ್ಲದಿದ್ದರೂ ಸರಿ, ಮಧ್ಯರಾತ್ರಿಯಾದರೂ ಸರಿ.
- ಕುತ್ತಿಗೆ ಬಗ್ಗಿಸಲು ಆಗದ ಬಿಗಿತ, ತಡೆಯಲಾಗದ ತಲೆನೋವು, ಗೊಂದಲದ ಮಾತು, ಎಬ್ಬಿಸಿದರೂ ಏಳದಿರುವುದು.
- ಉಸಿರಾಟದ ತೊಂದರೆ. ಮಗು ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿ: ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಎಣಿಸುತ್ತಾ ಕೂರಬೇಡಿ.
- ಎಂಟು ಗಂಟೆ ಕಾಲ ಮೂತ್ರ ಇಲ್ಲ, ಅಥವಾ ಕುಡಿದದ್ದೆಲ್ಲ ವಾಂತಿ.
- ಒತ್ತಿದರೂ ಮಾಯವಾಗದ ಕೆಂಪು, ನೇರಳೆ ಚುಕ್ಕೆ. ಕಣ್ಣು ಹಳದಿ.
- ಗರ್ಭಿಣಿ, ಬಾಣಂತಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಜ್ವರ.

ಇದ್ಯಾವುದೂ ಇಲ್ಲದಿದ್ದರೂ ಮೂರನೇ ದಿನಕ್ಕೆ ಜ್ವರ ಹಾಗೇ ಇದ್ದರೆ ರಕ್ತ ಪರೀಕ್ಷೆ ಆಗಬೇಕು.

ಡಾಕ್ಟರ್ ಹತ್ತಿರ ಏನು ಹೇಳಬೇಕು

ನೋಟ್‌ಬುಕ್ ಕೊಡಿ. ಜೊತೆಗೆ ಕಳೆದ ಎರಡು ಮೂರು ವಾರ ಎಲ್ಲಿಗೆ ಹೋಗಿದ್ದಿರಿ, ಏನು ಕೆಲಸ ಮಾಡಿದ್ದಿರಿ ಅಂತ ಕೇಳದಿದ್ದರೂ ಹೇಳಿ. ಗದ್ದೆಯ ಕೆಸರಲ್ಲಿ ಬರಿಗಾಲಲ್ಲಿ ಇಳಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಅಂದರೆ ಇಲಿಜ್ವರದ ಯೋಚನೆ ಬರುತ್ತದೆ. ಡಿಸೆಂಬರಿನಿಂದ ಬೇಸಿಗೆ ತನಕ ಮಲೆನಾಡಿನಲ್ಲಿ ಸೊಪ್ಪು, ದರಗು, ಸೌದೆಗೆ ಅಂತ ಕಾಡಿಗೆ ಹೋದವರಿಗೆ ಉಣುಗು (ಉಣ್ಣೆ) ಕಚ್ಚಿದ್ದರೆ ಅದನ್ನು ಹೇಳಲೇಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇವತ್ತಿಗೂ ಆ ಕಡೆಯ ಜನರನ್ನು ಕಾಡುತ್ತಿದೆ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿ ಜಾಗದಲ್ಲಿ ಸಿಗರೇಟು ಸುಟ್ಟ ಹಾಗಿನ ನೋವಿಲ್ಲದ ಕಪ್ಪು ಗಾಯ ಇದ್ದರೆ ನಾಚಿಕೆ ಬಿಟ್ಟು ತೋರಿಸಿ, ಸ್ಕ್ರಬ್ ಟೈಫಸ್ ಅಂತ ಜ್ವರ ಇದೆ, ಸರಿಯಾದ ಔಷಧ ಸಿಕ್ಕರೆ ಬೇಗ ಇಳಿಯುತ್ತದೆ. ಮಂಗಳೂರು ಕಡೆ ಇದ್ದು ಬಂದವರಿಗೆ, ಕಟ್ಟಡ ಕೆಲಸದ ಜಾಗದಲ್ಲಿ ಮಲಗುವವರಿಗೆ ಚಳಿಜ್ವರ ಬಂದರೆ ಮಲೇರಿಯಾ ಪರೀಕ್ಷೆ ಬಿಡಬಾರದು.

ಜ್ವರ ಹೋದ ಮೇಲೆ

ನಿತ್ರಾಣ ಒಂದೆರಡು ವಾರ ಇರುತ್ತದೆ. ಎದ್ದೇಳುವಾಗ ಮೊದಲು ಮಗ್ಗುಲಾಗಿ, ಕಾಲು ಇಳಿಬಿಟ್ಟು ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂತು, ಆಮೇಲೆ ನಿಲ್ಲಬೇಕು. ಮೊದಲ ದಿನ ಅಂಗಳದ ತನಕ, ಮಾರನೇ ದಿನ ಬೀದಿ ತಿರುವಿನ ತನಕ. ಮಕ್ಕಳನ್ನು ಮಾತ್ರೆ ಇಲ್ಲದೆ ಒಂದು ಪೂರ್ತಿ ದಿನ ಜ್ವರ ಬರದಿದ್ದ ಮೇಲೆ ಶಾಲೆಗೆ ಕಳಿಸಿ. ಬೇಳೆ, ಮೊಟ್ಟೆ, ಮೊಸರು, ಕಾಳು ಹಾಕಿ ಊಟ ಗಟ್ಟಿ ಮಾಡಿ. ಜೋರು ಜ್ವರದ ನಂತರ ಎರಡು ಮೂರು ತಿಂಗಳಿಗೆ ಕೂದಲು ಗೊಂಚಲಾಗಿ ಉದುರಬಹುದು, ಹೆದರಬೇಡಿ, ನಿಧಾನಕ್ಕೆ ಮತ್ತೆ ಬರುತ್ತದೆ. ಟೈಫಾಯ್ಡಿಗೆ ಕೊಟ್ಟ ಆಂಟಿಬಯಾಟಿಕ್ ಜ್ವರ ಬಿಟ್ಟಿತು ಅಂತ ಮಧ್ಯಕ್ಕೆ ನಿಲ್ಲಿಸಬೇಡಿ.

ಆ ಹಾಳೆಯನ್ನೂ ಹರಿದು ಬಿಸಾಡಬೇಡಿ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಒಂದೆರಡು ವಾರ ಆರಾಮಿದ್ದು ಮತ್ತೆ ಜ್ವರ ಬರುತ್ತದೆ, ಟೈಫಾಯ್ಡು, ಮಲೇರಿಯಾ ಕೂಡ ಮರುಕಳಿಸುವುದುಂಟು. ಹಾಗೇನಾದರೂ ಆದರೆ ಹಳೇ ಸಾಲಿನ ಕೆಳಗೇ ಹೊಸ ದಿನಾಂಕ ಹಾಕಿ ಬರೆಯುತ್ತಾ ಹೋಗಿ, ಡಾಕ್ಟರಿಗೆ ಎರಡನ್ನೂ ಒಟ್ಟಿಗೆ ತೋರಿಸಿ.